ಕಂಬದ ಮೇಲೆ 150, ಪರದೆಯಲ್ಲಿ 74: ಎಫ್-150 ಲೈಟ್ನಿಂಗ್ ಫಾಸ್ಟ್ ಚಾರ್ಜಿಂಗ್, ದೀರ್ಘ ಬಳಕೆಯ ನಂತರ

ಇಲ್ಲಿ ಟ್ರಕ್ ಅಂದರೆ ನಮ್ಮೂರ ಕಡೆಯ ಲಾರಿ ಅಲ್ಲ, ಅಮೆರಿಕದಲ್ಲಿ ಮನೆಮನೆಯ ಮುಂದೆ ನಿಲ್ಲುವ ಪಿಕಪ್. ಫೋರ್ಡ್ ಎಫ್-150 ಲೈಟ್ನಿಂಗ್, ಮೊದಮೊದಲ ವರ್ಷಗಳ ಎಕ್ಸ್‌ಟೆಂಡೆಡ್ ರೇಂಜ್ ಮಾದರಿ, ಬಳಕೆಗೆ ಸಿಗುವ ಬ್ಯಾಟರಿ 131 ಕಿಲೋವ್ಯಾಟ್ ಅವರ್. ಸೀಟು, ಸ್ಪೀಕರು, ಮುಂದಿನ ಡಿಕ್ಕಿಯ ಅಳತೆ ಎಲ್ಲ ಬೇಕಾದಷ್ಟು ಕಡೆ ಸಿಗುತ್ತದೆ. ಈ ಬರಹ ಒಂದೇ ತಂಟೆಯ ಬಗ್ಗೆ: ಹೈವೇಯಲ್ಲಿ ಚಾರ್ಜಿಗೆ ಹಾಕಿದಾಗ ಚಾರ್ಜರ್ ಕಂಬದ ಮೇಲೆ ಬರೆದ ಕಿಲೋವ್ಯಾಟಿಗೂ ಟ್ರಕ್ಕಿಗೆ ಇಳಿಯುವ ಕಿಲೋವ್ಯಾಟಿಗೂ ಯಾಕೆ ತಾಳಮೇಳ ಇರುವುದಿಲ್ಲ.

ಲೆಕ್ಕ ಹೈಸ್ಕೂಲಿನದೇ. ವೋಲ್ಟನ್ನು ಆಂಪಿನಿಂದ ಗುಣಿಸಿದರೆ ವ್ಯಾಟ್. ಹೆಚ್ಚಿನವರು ಎಡವುವುದು ವೋಲ್ಟನ್ನು ಯಾರು ತೀರ್ಮಾನಿಸುತ್ತಾರೆ ಎಂಬಲ್ಲಿ. ಕಂಬ ಅಲ್ಲ, ಬ್ಯಾಟರಿ. ಬ್ಯಾಟರಿ ಆ ಹೊತ್ತಿಗೆ ಯಾವ ವೋಲ್ಟೇಜಿನಲ್ಲಿದೆಯೋ ಕಂಬ ಅದಕ್ಕೆ ಹೊಂದಿಕೊಂಡೇ ಕರೆಂಟು ಹರಿಸಬೇಕು. ಲೈಟ್ನಿಂಗ್ 400 ವೋಲ್ಟ್ ವರ್ಗದ ಗಾಡಿ. ಅರ್ಧಕ್ಕಿಂತ ಕಡಿಮೆ ಚಾರ್ಜ್ ಇದ್ದಾಗ ಲೆಕ್ಕಕ್ಕೆ 370 ವೋಲ್ಟ್ ಹಿಡಿಯಿರಿ. 150 ಎಂದು ಬರೆದ ಒಂದು ಕಂಬಕ್ಕೆ 200 ಆಂಪಿನ ಕೇಬಲ್ ಜೋಡಿಸಿದ್ದಾರೆ ಎಂದುಕೊಳ್ಳಿ. 750 ವೋಲ್ಟಿನ ಗಾಡಿ ಬಂದು ನಿಂತರೆ ಅದು ನಿಜವಾಗಿಯೂ 150 ಕಿಲೋವ್ಯಾಟ್ ಕೊಡುತ್ತದೆ. ನಮ್ಮ 370ಕ್ಕೆ ಅದೇ 200 ಆಂಪ್ ಅಂದರೆ 74. ಮದುವೆ ದಲ್ಲಾಳಿಯ ಹಾಗೆ, ಒಂದೂ ಸುಳ್ಳು ಹೇಳದೆ ದಾರಿ ತಪ್ಪಿಸುವ ಫಲಕ ಅದು.

ಇದರ ಪರಿಣಾಮ ಗಡಿಯಾರದಲ್ಲಿ ಕಾಣುತ್ತದೆ. 15ರಿಂದ 80 ಪರ್ಸೆಂಟ್‌ವರೆಗೆ ತುಂಬಲು ಬೇಕಾದದ್ದು ಸುಮಾರು 85 ಕಿಲೋವ್ಯಾಟ್ ಅವರ್. 500 ಆಂಪಿನ ಕೇಬಲ್ ಸಿಕ್ಕಿ, ಬ್ಯಾಟರಿಯೂ ಹದವಾಗಿ ಬೆಚ್ಚಗಿದ್ದರೆ ಕಂಪನಿ ಹೇಳುವ 41 ನಿಮಿಷ. 350 ಆಂಪಿನ ಕಂಬದಲ್ಲಿ ಇನ್ನೊಂದು ಐದಾರು ನಿಮಿಷ. 200 ಆಂಪಿನ ಕೇಬಲ್ಲಿಗೆ 1 ಗಂಟೆ 10 ನಿಮಿಷದ ಹತ್ತಿರ. 50 ಕಿಲೋವ್ಯಾಟ್ ಎಂದು ಬರೆದಿರುವ ಹಳೇ ಕಂಬಗಳು ಸಾಮಾನ್ಯವಾಗಿ 125 ಆಂಪಿಗೆ ನಿಲ್ಲುತ್ತವೆ, ಅಲ್ಲಿ 46 ಕಿಲೋವ್ಯಾಟ್, ಹತ್ತಿರಹತ್ತಿರ ಎರಡು ಗಂಟೆ. ನಿಮಿಷದ ಲೆಕ್ಕದಲ್ಲಿ ದುಡ್ಡು ಕೀಳುವ ಕಡೆ ಈ ಹಳೇ ಕಂಬಕ್ಕೆ ಸಿಕ್ಕಿಕೊಂಡರೆ ಜೇಬಿಗೂ ಕತ್ತರಿ. ಯೂನಿಟ್ ಲೆಕ್ಕದ ಕಡೆಯಾದರೆ ಹೋಗುವುದು ಹೊತ್ತು ಮಾತ್ರ.

ಹಾಗಾಗಿ ಆಪ್‌ನಲ್ಲಿ ಕಂಬ ಹುಡುಕುವಾಗ ಕಿಲೋವ್ಯಾಟ್ ಕಡೆ ನೋಡಬೇಡಿ, ಆಂಪ್ ಹುಡುಕಿ. ಕಂಬದ ಪಕ್ಕದ ಅಥವಾ ಹಿಂದಿನ ನಾಮಫಲಕದಲ್ಲಿ, ಸಣ್ಣ ಅಕ್ಷರದಲ್ಲಿ, ಗರಿಷ್ಠ ವೋಲ್ಟ್ ಮತ್ತು ಗರಿಷ್ಠ ಆಂಪ್ ಎರಡೂ ಬರೆದಿರುತ್ತದೆ. ಆಪ್‌ಗೆ ಬಳಕೆದಾರರು ಹಾಕಿದ ಫೋಟೋಗಳಲ್ಲಿ ಒಮ್ಮೊಮ್ಮೆ ಅದೂ ಸಿಗುತ್ತದೆ. ಕೇಬಲ್ಲಿನ ದಪ್ಪ ನೋಡಿ ಗುರುತಿಸಲು ಹೋಗಬೇಡಿ. ಒಳಗೆ ತಂಪು ದ್ರವ ಹರಿಯುವ 500 ಆಂಪಿನ ಕೇಬಲ್ ಎಷ್ಟೋ ಸಲ 200 ಆಂಪಿನ ಸಾದಾ ಕೇಬಲ್ಲಿಗಿಂತ ತೆಳ್ಳಗಿರುತ್ತದೆ.

ಆಂಪ್ ಯಾಕಿಷ್ಟು ದುಬಾರಿ? ತಂತಿಯ ಬಿಸಿ ಆಂಪಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ವೋಲ್ಟೇಜು ಏರಿಸಿದರೆ ಈ ತಾಪತ್ರಯ ಇಲ್ಲ. ಅಕ್ಕಿ ಸಾಗಿಸುವ ಕೂಲಿಯಾಳುಗಳನ್ನು ನೆನೆಯಿರಿ: ಆಂಪ್ ಅಂದರೆ ನಿಮಿಷಕ್ಕೆ ಬಾಗಿಲು ದಾಟುವ ಆಳುಗಳು, ವೋಲ್ಟ್ ಅಂದರೆ ತಲೆಗೊಂದು ಮೂಟೆಯಲ್ಲಿರುವ ಅಕ್ಕಿ. ನೂಕುನುಗ್ಗಲು ಆಗುವುದು ಆಳು ಹೆಚ್ಚಾದಾಗ, ಮೂಟೆ ದೊಡ್ಡದಾದಾಗಲ್ಲ. ಭಾರತದ ಮೊದಮೊದಲ ಎಲೆಕ್ಟ್ರಿಕ್ ಕಾರುಗಳಾದ ಮಹೀಂದ್ರ ಇ-ವೆರಿಟೊ, ಹಳೇ ಟಿಗೋರ್ ಇವಿಗಳ ಕಥೆಯೂ ಇದೇ. 72 ವೋಲ್ಟಿನ ಬ್ಯಾಟರಿಗೆ, ಆಗಿನ ಭಾರತೀಯ ಚಾರ್ಜರ್ ಮಾನದಂಡವಾದ ಭಾರತ್ ಡಿಸಿ-001ರ ಕಂಬ 200 ಆಂಪ್ ಸುರಿದರೂ 14.4 ಕಿಲೋವ್ಯಾಟ್ ದಾಟುತ್ತಿರಲಿಲ್ಲ.

ಷೆವ್ರೊಲೆ ಸಿಲ್ವರಾಡೊ ಇವಿ, ಹಮ್ಮರ್ ಇವಿ ಪಿಕಪ್‌ಗಳಲ್ಲಿ ಜನರಲ್ ಮೋಟರ್ಸ್ (ಜಿಎಂ) ಮಾಡಿದ ಉಪಾಯ ಚೆನ್ನಾಗಿದೆ. ಬ್ಯಾಟರಿಯಲ್ಲಿ 400 ವೋಲ್ಟಿನ ಎರಡು ಭಾಗ, ಓಡುವಾಗ ಪಕ್ಕಪಕ್ಕ ಪ್ಯಾರಲಲ್. ದೊಡ್ಡ ಕಂಬ ಸಿಕ್ಕಾಗ ಒಳಗಿನ ಸ್ವಿಚ್ಚುಗಳು ಅವನ್ನು ಒಂದರ ಹಿಂದೊಂದು, ಸೀರೀಸ್ ಮಾಡಿ 800 ವೋಲ್ಟ್ ಆಗಿಸುತ್ತವೆ. ಅದೇ ಕೇಬಲ್, ಅದೇ ಆಂಪ್, 350 ಕಿಲೋವ್ಯಾಟ್. ನಿಜವಾದ ಲಾರಿಗಳಲ್ಲೂ ಇದೇ ಗುಣಾಕಾರ. 800 ವೋಲ್ಟಿನ ಮರ್ಸಿಡಿಸ್ ಇಆಕ್ಟ್ರೋಸ್ 600ಕ್ಕೆ ಸಿಸಿಎಸ್ (ಫಾಸ್ಟ್ ಚಾರ್ಜಿಂಗ್‌ನ ಸಾಮಾನ್ಯ ಪ್ಲಗ್) ಕೇಬಲ್ಲಿನ 500 ಆಂಪ್ ಕೊಟ್ಟರೆ ಸರಿಯಾಗಿ 400 ಕಿಲೋವ್ಯಾಟ್, ಕಂಪನಿ ಹೇಳುವುದೂ ಅಷ್ಟೇ. ಅದಕ್ಕಿಂತ ಮೇಲೆ ಹೋಗಬೇಕಾದರೆ ಪ್ಲಗ್ಗನ್ನೇ ಬದಲಾಯಿಸಬೇಕು. 1250 ವೋಲ್ಟ್, 3000 ಆಂಪ್‌ವರೆಗಿನ ಮೆಗಾವ್ಯಾಟ್ ಪ್ಲಗ್ ಹುಟ್ಟಿದ್ದು ಆ ಕಾರಣಕ್ಕೆ.

ಇದನ್ನೆಲ್ಲ ನೋಡಿದಾಗ 400 ವೋಲ್ಟಿನ ಲೈಟ್ನಿಂಗ್ ಕೊಂಡದ್ದು ತಪ್ಪಾಯಿತೇ ಎನ್ನಿಸುತ್ತದೆ. ವರ್ಷಗಟ್ಟಲೆ ಬಳಸಿದ ಮೇಲೆ ಈ ಸಿಟ್ಟು ಅರ್ಧ ಇಳಿಯುತ್ತದೆ, ಕಾರಣ ಎರಡು.

ಒಂದು, ಈ ಟ್ರಕ್ಕಿನ ಚಾರ್ಜಿಂಗ್ ಗೆರೆ ಚಪ್ಪಟೆ. 41 ನಿಮಿಷಕ್ಕೆ 85 ಕಿಲೋವ್ಯಾಟ್ ಅವರ್ ಅಂದರೆ ಸರಾಸರಿ 125 ಕಿಲೋವ್ಯಾಟ್. ಹೇಳಿಕೊಳ್ಳುವ ಗರಿಷ್ಠವೇ 150. ಎರಡು ನಿಮಿಷ ಮಿಂಚಿ ಆಮೇಲೆ ಏದುಸಿರು ಬಿಡುವ ಜಾತಿ ಅಲ್ಲ. ಇದರಿಂದ ಇನ್ನೊಂದು ಅನುಕೂಲ: 350 ಕಿಲೋವ್ಯಾಟ್ ಕಂಬಕ್ಕೆ ಕಾಯುವ ಅಗತ್ಯವೇ ಇಲ್ಲ. ಪಕ್ಕದಲ್ಲಿ 350 ಆಂಪಿನ 150ರ ಕಂಬ ಖಾಲಿ ಇದ್ದರೆ ಅಲ್ಲೇ ಹಾಕಿ, ದೊಡ್ಡದನ್ನು 800 ವೋಲ್ಟಿನವರಿಗೆ ಬಿಡಿ.

ಎರಡು, 2024ರ ಫೆಬ್ರವರಿ 29ರಂದು ಫೋರ್ಡ್ ಗಾಡಿಗಳಿಗೆ ಟೆಸ್ಲಾ ಕಂಪನಿಯ ಚಾರ್ಜಿಂಗ್ ಜಾಲವಾದ ಸೂಪರ್‌ಚಾರ್ಜರ್ ಬಾಗಿಲು ತೆರೆಯಿತು. ಮೂರನೇ ಪೀಳಿಗೆಯ ಆ ಕಂಬಗಳು 500 ವೋಲ್ಟಿಗಿಂತ ಮೇಲೆ ಹೋಗುವುದಿಲ್ಲ. 900 ವೋಲ್ಟಿನ ಲೂಸಿಡ್ ಏರ್‌ನಂಥ ಕಾರು ಅಲ್ಲಿ 50 ಕಿಲೋವ್ಯಾಟಿಗೆ ಕುಸಿಯುತ್ತದೆ. ನಮ್ಮದಕ್ಕೆ 500 ಧಾರಾಳ. ಹಳತು ಎಂದು ಬೈಸಿಕೊಂಡ ವೋಲ್ಟೇಜೇ ಅಲ್ಲಿ ಕೈಹಿಡಿಯುತ್ತದೆ. ಎರಡನೇ ಪೀಳಿಗೆಯ ಹಳೇ ಸೂಪರ್‌ಚಾರ್ಜರ್ ಮಾತ್ರ ಬೇರೆ ಕಂಪನಿಯ ಗಾಡಿಗೆ ನಡೆಯದು. ಟೆಸ್ಲಾ ಪ್ಲಗ್ಗನ್ನು ಈ ಟ್ರಕ್ಕಿಗೆ ಹೊಂದಿಸುವ ಅಡಾಪ್ಟರ್ ಕೊಳ್ಳುವಾಗ 500 ಆಂಪ್ ಎಂದು ಅಚ್ಚು ಹಾಕಿದ್ದನ್ನೇ ಕೊಳ್ಳಿ, ಅಗ್ಗದ್ದಕ್ಕೆ ಆಸೆಪಟ್ಟರೆ ಬಿಸಿಯಾಗುವ ಜಾಗ ಇನ್ನೊಂದು ಹೆಚ್ಚಾಗುತ್ತದೆ.

ಇನ್ನು ದಿನದ ಪೂಜೆ. ಎಡಗಡೆ ಮುಂಭಾಗದ ಮುಚ್ಚಳ ತೆಗೆದು, ಕೆಳಗಿನ ಡಿಸಿ ಪಿನ್ನುಗಳ ಕ್ಯಾಪ್ ಬಿಚ್ಚಿ, ಒಳಗೆ ಕಸ, ನೀರು ಇಲ್ಲವೆಂದು ಒಮ್ಮೆ ಕಣ್ಣಾಡಿಸಿ. ಸಿಸಿಎಸ್ ಪ್ಲಗ್ ನೂಕಿದ ಮೇಲೆ ಕೈ ಬಿಡಬೇಡಿ. ಕೇಬಲ್ಲಿನ ಭಾರಕ್ಕೆ ಪ್ಲಗ್ ಕೆಳಗೆ ಜಗ್ಗಿ, ಮೇಲಿನ ಸಂವಹನ ಪಿನ್ನುಗಳು ಸರಿಯಾಗಿ ಕೂರದೆ, ಶುರುವಾಗುವ ಮೊದಲೇ ಚಾರ್ಜಿಂಗ್ ಮುರಿದುಬೀಳುವುದು ಇಲ್ಲೇ. ಅಂಗೈಯಿಂದ ತುಸು ಮೇಲಕ್ಕೆತ್ತಿ ಹಿಡಿದಿರಿ. ಬೀಗ ಬೀಳುವ ಸದ್ದು ಬರುತ್ತದೆ, ಕಂಬ ಇನ್ಸುಲೇಷನ್ ಪರೀಕ್ಷೆ ಮಾಡುತ್ತದೆ, ಕೊನೆಗೆ ಟ್ರಕ್ಕಿನ ಹೊಟ್ಟೆಯೊಳಗೆ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚು ಟಕ್ಕೆನ್ನುತ್ತದೆ. ಆ ಟಕ್ ಕೇಳಿದ ಮೇಲೆ ಕೈ ಬಿಡಬಹುದು.

ಎರಡು ಮೂರು ನಿಮಿಷ ಕಾಫಿಗೆ ಹೋಗದೆ ಪರದೆ ನೋಡಿ. ರೋಗ ಅಲ್ಲೇ ಗೊತ್ತಾಗುತ್ತದೆ. ಆಂಪ್ 200ಕ್ಕೋ 350ಕ್ಕೋ ಅಂಟಿಕೊಂಡು, ವೋಲ್ಟ್ ನಿಧಾನವಾಗಿ ಏರುತ್ತ, ಅದರ ಜೊತೆ ಕಿಲೋವ್ಯಾಟೂ ಒಂದೊಂದಾಗಿ ಹೆಚ್ಚುತ್ತಿದ್ದರೆ ತಡೆ ಇರುವುದು ಕೇಬಲ್ಲಿನಲ್ಲಿ. ಹೆಚ್ಚು ಆಂಪಿನ ಕಂಬ ಖಾಲಿ ಇದ್ದರೆ ಬದಲಾಯಿಸಿ. ಪಕ್ಕದ ಗಾಡಿ ಬಂದ ಕೂಡಲೇ ಸುಮಾರು ಅರ್ಧಕ್ಕೆ ಇಳಿದರೆ ಎರಡು ಕಂಬಕ್ಕೂ ಒಂದೇ ಪೆಟ್ಟಿಗೆಯಿಂದ ಕರೆಂಟು ಹಂಚುತ್ತಿದ್ದಾರೆ, ಬೇರೆ ಪೆಟ್ಟಿಗೆಯ ಕಂಬ ನೋಡಿ. ಆಂಪ್ ಕಡಿಮೆಯಲ್ಲಿ ಶುರುವಾಗಿ ಮೆಲ್ಲಗೆ ಏರುತ್ತಿದ್ದರೆ ಬ್ಯಾಟರಿ ತಣ್ಣಗಿದೆ. ಚಳಿಯಲ್ಲಿ ಜೋರಾಗಿ ತುಂಬಿದರೆ ಲಿಥಿಯಂ ಲೋಹವಾಗಿ ಒಳಗೆ ಪದರಗಟ್ಟುತ್ತದೆ, ಅದಕ್ಕೇ ಟ್ರಕ್ಕೇ ಕರೆಂಟು ಕಮ್ಮಿ ಕೇಳುತ್ತದೆ. ಕಂಬ ಬದಲಾಯಿಸಿ ಉಪಯೋಗ ಇಲ್ಲ. ಹೊರಡುವಾಗಲೇ ಟ್ರಕ್ಕಿನ ನಕ್ಷೆಯಲ್ಲಿ ಚಾರ್ಜರನ್ನೇ ಗುರಿಯಾಗಿ ಹಾಕಿದ್ದರೆ ದಾರಿಯಲ್ಲೇ ಬ್ಯಾಟರಿ ಕಾಯಿಸಿಕೊಳ್ಳುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಚೆನ್ನಾಗಿ ಹರಿಯುತ್ತಿದ್ದ ಆಂಪ್ ಹತ್ತು ನಿಮಿಷಕ್ಕೆ ಮೆಟ್ಟಿಲಿನ ಹಾಗೆ ಇಳಿದರೆ ಪ್ಲಗ್ ಬಿಸಿಯಾಗಿದೆ. ಹಿಡಿಗೆ ಒದ್ದೆ ಬಟ್ಟೆ ಸುತ್ತುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಬೇಡ. ಅದು ಬಿಸಿ ಅಳೆಯುವ ಸೆನ್ಸರಿಗೆ ಮಂಕುಬೂದಿ ಎರಚುವುದು, ಪಿನ್ನು ಒಳಗೆ ಸುಡುತ್ತಲೇ ಇರುತ್ತದೆ.

80 ಪರ್ಸೆಂಟ್ ದಾಟಿದ ಮೇಲೆ ಯಾವ ಕಂಬವೂ ಒಂದೇ. ಕೊಡ ಕಂಠಕ್ಕೆ ಬಂದಾಗ ನಲ್ಲಿ ಸಣ್ಣ ಮಾಡುವ ಹಾಗೆ ಬ್ಯಾಟರಿಯೇ ಆಂಪ್ ಕಡಿಮೆ ಮಾಡಿಸುತ್ತದೆ. ಮುಂದಿನ ಊರು ತಲುಪಲು ಬೇಕೇಬೇಕು ಎಂದಿಲ್ಲದಿದ್ದರೆ ಪ್ಲಗ್ ಕೀಳಿ.

ಮನೆಯಲ್ಲಿ ತುಂಬಿಕೊಳ್ಳುವವರಿಗೆ ಈ ಯಾವ ಗೋಳೂ ಇಲ್ಲ. 240 ವೋಲ್ಟಿಗೆ 48 ಆಂಪ್, 60 ಆಂಪಿನ ಬ್ರೇಕರ್, 11.5 ಕಿಲೋವ್ಯಾಟ್: ರಾತ್ರಿ ಹಾಕಿದರೆ ಬೆಳಿಗ್ಗೆ ತಯಾರು. ಮೊದಲ ಮಾದರಿಗಳ ಜೊತೆ ಬರುತ್ತಿದ್ದ 80 ಆಂಪಿನ ಪೆಟ್ಟಿಗೆಗೆ 100 ಆಂಪಿನ ಬ್ರೇಕರ್ ಬೇಕು. ಹಳೇ ಮನೆಯಾದರೆ ಮುಖ್ಯ ಪ್ಯಾನೆಲ್ಲೇ ಬದಲಾಯಿಸುವ ಖರ್ಚು ಬಂದೀತು, ನನ್ನ ಲೆಕ್ಕದಲ್ಲಿ ಆ ದುಡ್ಡು ದಂಡ. ಅಪಾರ್ಟ್‌ಮೆಂಟಿನಲ್ಲಿದ್ದು ಬರೀ ಹೊರಗಿನ ಕಂಬ ನಂಬುವವರು, ಹತ್ತಿರ 350 ಆಂಪಿನದು ಇಲ್ಲದಿದ್ದರೆ, ಈ ಟ್ರಕ್ ಕೊಳ್ಳಬೇಡಿ. ಉಳಿದವರಿಗೆ ಐದಕ್ಕೆ ನಾಲ್ಕು.

ಕಡಿಮೆಯಾದ ಆ ಒಂದು ಅಂಕ ಟ್ರೇಲರಿನದು. ದೊಡ್ಡ ಟ್ರೇಲರ್ ಎಳೆದರೆ ಓಟ ಅರ್ಧಕ್ಕಿಳಿಯುತ್ತದೆ, 90 ಮೈಲಿಗೊಮ್ಮೆ ಕಂಬ ಹುಡುಕಬೇಕು. ಹೆಚ್ಚಿನ ಕಡೆ ಪೆಟ್ರೋಲ್ ಬಂಕಿನ ಹಾಗೆ ನೇರ ನುಗ್ಗಿ ಹೊರಡುವ ಜಾಗ ಇಲ್ಲ. ಸೂಪರ್‌ಚಾರ್ಜರಿನ ಕೇಬಲ್ ಗಿಡ್ಡ, ಟ್ರಕ್ಕಿನ ಪ್ಲಗ್ ಇರುವುದು ಎಡ ಮುಂಭಾಗ, ಹಾಗಾಗಿ ಮೂತಿ ಒಳಗೆ ಹಾಕಿ ಎಡಪಕ್ಕದವರ ಕಂಬ ಎಳೆದುಕೊಳ್ಳಬೇಕು. ಒಂದು ಗಾಡಿಗೆ ಎರಡು ಜಾಗ, ಸುತ್ತ ಕಾಯುವವರ ಕೆಂಗಣ್ಣು. ಅದಕ್ಕೂ ಮೊದಲು ಟ್ರೇಲರ್ ಕಳಚಿ ಮೂಲೆಯಲ್ಲಿ ನಿಲ್ಲಿಸಬೇಕು, ಮುಗಿದ ಮೇಲೆ ಮತ್ತೆ ಕಟ್ಟಬೇಕು, ದೀಪ ಉರಿಯುತ್ತದೋ ನೋಡಬೇಕು. ಆ ಇಪ್ಪತ್ತು ನಿಮಿಷವನ್ನೂ 41ಕ್ಕೆ ಸೇರಿಸಿಕೊಂಡೇ ಪ್ರಯಾಣದ ಲೆಕ್ಕ ಹಾಕಿ.