ಕೈಬಿಟ್ಟ ಧ್ವನಿಮುದ್ರಣದ ಬೆಲೆ: ನೋರಾ ಜೋನ್ಸ್ ಅವರ ‘ಕಮ್ ಅವೇ ವಿತ್ ಮಿ’ ವಿಸ್ತೃತ ಆವೃತ್ತಿ

2002ರ ಫೆಬ್ರವರಿಯಲ್ಲಿ ಜಾಝ್ ಧ್ವನಿಮುದ್ರಣ ಸಂಸ್ಥೆ ಬ್ಲೂ ನೋಟ್ ‘ಕಮ್ ಅವೇ ವಿತ್ ಮಿ’ ಆಲ್ಬಂ ಅನ್ನು ಹೊರತಂದಾಗ ಅಮೆರಿಕದ ಗಾಯಕಿ, ಪಿಯಾನೊ ವಾದಕಿ ನೋರಾ ಜೋನ್ಸ್ ಅವರಿಗೆ ಇನ್ನೂ ಇಪ್ಪತ್ಮೂರು ತುಂಬಿರಲಿಲ್ಲ. ಮರುವರ್ಷದ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ, ಅತ್ಯುತ್ತಮ ಹೊಸ ಕಲಾವಿದೆ ಸೇರಿದಂತೆ ಐದು ಪ್ರಶಸ್ತಿಗಳು ಅವರ ಪಾಲಾದವು; ಜಗತ್ತಿನಾದ್ಯಂತ ಎರಡು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಇಷ್ಟೆಲ್ಲ ಆಗಿಹೋದ ಆಲ್ಬಂ ಬಗ್ಗೆ ಮತ್ತೆ ಬರೆಯಲು ಕಾರಣ 2022ರಲ್ಲಿ ಬಂದ ಅದರ ಇಪ್ಪತ್ತನೇ ವರ್ಷದ ವಿಸ್ತೃತ ಆವೃತ್ತಿ. ಮೂರು ಸಿಡಿಗಳ ಈ ಸಂಪುಟದಲ್ಲಿ ಮೂಲ ಆಲ್ಬಂ ಜೊತೆಗೆ ಆರಂಭದ ಡೆಮೊಗಳೂ (ಮಾದರಿಗಾಗಿ ಮಾಡಿದ ಕಚ್ಚಾ ಧ್ವನಿಮುದ್ರಣಗಳು), ಸಂಸ್ಥೆ ಒಪ್ಪದೆ ಬದಿಗಿಟ್ಟ ಆಲ್ಬಂನ ಮೊದಲ ರೂಪವೂ ಇವೆ.

ಕುತೂಹಲವಿರುವುದು ಆ ಬದಿಗಿಟ್ಟ ರೂಪದಲ್ಲಿಯೇ. ನ್ಯೂಯಾರ್ಕ್ ರಾಜ್ಯದ ಅಲೇರ್ ಸ್ಟುಡಿಯೋದಲ್ಲಿ ನಿರ್ಮಾಪಕ ಕ್ರೇಗ್ ಸ್ಟ್ರೀಟ್ ಅವರೊಂದಿಗೆ ನಡೆದ ಆ ಧ್ವನಿಮುದ್ರಣದಲ್ಲಿ ಗಿಟಾರ್ ವಾದಕ ಬಿಲ್ ಫ್ರಿಜೆಲ್ ಅವರಂಥ ಘಟಾನುಘಟಿಗಳಿದ್ದರು. ವಾದನ ಸೊಗಸಾಗಿಯೇ ಇದೆ. ಆದರೆ ಗಿಟಾರಿನ ನಾದ ಹಬ್ಬಿ ನಿಂತಲ್ಲೆಲ್ಲ ನೋರಾ ಅವರ ಪಿಯಾನೊ ಹಿಂದೆ ಸರಿದುಬಿಡುತ್ತದೆ, ಪಕ್ಕವಾದ್ಯವೇ ಕಛೇರಿ ನಡೆಸುತ್ತಿರುವಂತೆ ಕೇಳಿಸುತ್ತದೆ. ಬ್ಲೂ ನೋಟ್‌ನ ಮುಖ್ಯಸ್ಥ ಬ್ರೂಸ್ ಲುಂಡ್ವಾಲ್ ಅವರಿಗೆ ಡೆಮೊಗಳಲ್ಲಿದ್ದ ಸರಳತೆಯೇ ಬೇಕಿತ್ತು. ಅವರು ಹಿರಿಯ ನಿರ್ಮಾಪಕ ಆರಿಫ್ ಮಾರ್ಡಿನ್ ಅವರನ್ನು ಕರೆಸಿದರು. ಅಲೇರ್‌ನ ಕೆಲವನ್ನು ಉಳಿಸಿಕೊಂಡು ಬಹುತೇಕ ಹಾಡುಗಳನ್ನು ಹೊಸದಾಗಿ ಮುದ್ರಿಸಲಾಯಿತು. ಎರಡೂ ರೂಪಗಳನ್ನು ಒಂದರ ಹಿಂದೊಂದು ಕೇಳಿದರೆ ಲುಂಡ್ವಾಲ್ ಅವರ ತೀರ್ಮಾನ ಸರಿಯೆಂದೇ ನನಗನ್ನಿಸುತ್ತದೆ.

ಜೆಸ್ಸಿ ಹ್ಯಾರಿಸ್ ಬರೆದ ‘ಡೋಂಟ್ ನೋ ವೈ’ ಹಾಡನ್ನೇ ನೋಡಬಹುದು. ಆಲ್ಬಂನಲ್ಲಿ ನಾವು ಕೇಳುವುದು ಡೆಮೊಗಾಗಿ ಮುದ್ರಿಸಿದ ಹಾಡನ್ನೇ. ಆಮೇಲೆ ಸೇರಿದ್ದು ಮುಖ್ಯವಾಗಿ ನೋರಾ ಅವರದೇ ಜೊತೆದನಿಗಳು. ಅವರು ಸಾಲನ್ನು ತಾಳದ ಪೆಟ್ಟಿಗೆ ಸರಿಯಾಗಿ ಎತ್ತಿಕೊಳ್ಳದೆ ಕೂದಲೆಳೆಯಷ್ಟು ತಡವಾಗಿ ಎತ್ತಿಕೊಂಡು, ಕೊನೆಯ ಪದವನ್ನು ಎಳೆಯದೆ ಹಾಗೆಯೇ ಬಿಟ್ಟುಬಿಡುತ್ತಾರೆ. ಆ ಬಿಡುವಿನಲ್ಲಿ ಪಿಯಾನೊ ಒಂದೆರಡು ಸ್ವರಗಳನ್ನಷ್ಟೇ ನುಡಿಯುತ್ತದೆ. ಹಾಡಿನ ರಚನೆ ಪಾಪ್, ಲಯದ ನಡೆ ಜಾಝ್. ತಾರಸ್ಥಾಯಿಗೆ ಏರಿ ಗಂಟಲಿನ ಬಲ ತೋರಿಸಬಹುದಾದ ಜಾಗಗಳಲ್ಲಿಯೂ ಅವರು ತಗ್ಗಿಯೇ ಹಾಡುತ್ತಾರೆ. ಹ್ಯಾಂಕ್ ವಿಲಿಯಮ್ಸ್ ಅವರ ಕಂಟ್ರಿ ಹಾಡು ‘ಕೋಲ್ಡ್ ಕೋಲ್ಡ್ ಹಾರ್ಟ್’ ಇಲ್ಲಿ ನಿಧಾನಗತಿಯ ಜಾಝ್ ಆಗುವುದು ಇದೇ ಸಂಯಮದಿಂದ. ಕೊನೆಯ ಹಾಡಾದ ‘ದ ನಿಯರ್‌ನೆಸ್ ಆಫ್ ಯು’ದಲ್ಲಂತೂ ಅವರ ದನಿ ಮತ್ತು ಪಿಯಾನೊ ಬಿಟ್ಟರೆ ಬೇರೇನೂ ಇಲ್ಲ, ಬೇಕೆಂದೂ ಅನ್ನಿಸುವುದಿಲ್ಲ.

ಕೊರತೆಯಿಲ್ಲವೆಂದಲ್ಲ. ಹದಿನಾಲ್ಕು ಹಾಡುಗಳೂ ಹೆಚ್ಚುಕಡಿಮೆ ಒಂದೇ ಕಾಲಪ್ರಮಾಣದಲ್ಲಿ ಸಾಗುವುದರಿಂದ ನಡುಭಾಗ ಸಪ್ಪೆಯೆನಿಸುತ್ತದೆ. ಹೋಟೆಲುಗಳು ಇದನ್ನು ಹಿನ್ನೆಲೆ ಸಂಗೀತವಾಗಿ ಸವೆಸಿದ್ದಕ್ಕೆ ಅದೂ ಒಂದು ಕಾರಣವಿರಬಹುದು. ಅಲ್ಲದೆ ಇಲ್ಲಿ ನೋರಾ ಅವರ ಸ್ವಂತ ರಚನೆಗಳು ಶೀರ್ಷಿಕೆ ಗೀತೆ, ‘ನೈಟಿಂಗೇಲ್’ ಮತ್ತು ಹ್ಯಾರಿಸ್ ಜೊತೆಗೂಡಿ ಬರೆದ ಒಂದು ಹಾಡು, ಇಷ್ಟೇ. ಗೀತರಚನೆಕಾರರಾಗಿ ಅವರು ಪೂರ್ತಿ ತೆರೆದುಕೊಂಡದ್ದು ಎಲ್ಲ ಹಾಡುಗಳ ಬರವಣಿಗೆಯಲ್ಲಿಯೂ ಕೈಯಿದ್ದ 2007ರ ‘ನಾಟ್ ಟೂ ಲೇಟ್’ನಲ್ಲಿ. ಮುಂದೆ ನಿರ್ಮಾಪಕ ಡೇಂಜರ್ ಮೌಸ್ ಅವರೊಂದಿಗೆ ಮಾಡಿದ ‘ಲಿಟಲ್ ಬ್ರೋಕನ್ ಹಾರ್ಟ್ಸ್’ (2012) ಕತ್ತಲ ಬಣ್ಣದ ಪಾಪ್ ಆಗಿ ಹಳೆಯ ಅಭಿಮಾನಿಗಳನ್ನು ಗಲಿಬಿಲಿಗೊಳಿಸಿತಾದರೂ ನನ್ನ ಮಟ್ಟಿಗೆ ಅದು ಅವರ ಅತ್ಯಂತ ಧೈರ್ಯದ ಕೆಲಸ. ವೇಯ್ನ್ ಶಾರ್ಟರ್ ಅವರ ಸ್ಯಾಕ್ಸೊಫೋನ್ ಇರುವ ‘ಡೇ ಬ್ರೇಕ್ಸ್’ (2016) ಅವರನ್ನು ಮತ್ತೆ ಪಿಯಾನೊದ ಮುಂದೆ ಕೂರಿಸಿತು.

ನಮ್ಮಲ್ಲಿ ಇವರನ್ನು ಪಂಡಿತ್ ರವಿಶಂಕರ್ ಅವರ ಮಗಳೆಂದು ಪರಿಚಯಿಸುವ ರೂಢಿ ಇನ್ನೂ ಹೋಗಿಲ್ಲ. ಮಾತು ನಿಜವೇ, ಆದರೆ ಆಲ್ಬಂ ಕೇಳಲು ಅದರಿಂದ ಯಾವ ಸಹಾಯವೂ ಆಗದು. ಅವರು ತಾಯಿಯ ಆಸರೆಯಲ್ಲಿ ಟೆಕ್ಸಸ್‌ನ ಗ್ರೇಪ್‌ವೈನ್‌ನಲ್ಲಿ ಬೆಳೆದವರು, ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಸ್‌ನಲ್ಲಿ ಜಾಝ್ ಪಿಯಾನೊ ಕಲಿತವರು. ಸಿತಾರಿನ ನೆರಳನ್ನು ಇಲ್ಲಿ ಹುಡುಕಿದರೆ ನಿರಾಶೆಯೇ ಗತಿ.

ಆಲ್ಬಂ ಅನ್ನು ಮೊದಲ ಬಾರಿ ಕೇಳುವವರಿಗೆ ಮೂಲ ಸಿಡಿಯೊಂದೇ ಸಾಕು. ಡೆಮೊಗಳನ್ನು ಒಮ್ಮೆ ಕೇಳಿದರೆ ಮುಗಿಯಿತು. ಅಲೇರ್ ಭಾಗವನ್ನು ಮಾತ್ರ ಸ್ಟ್ರೀಮಿಂಗ್‌ನಲ್ಲಾದರೂ, ಒಳ್ಳೆಯ ಹೆಡ್‌ಫೋನಿನಲ್ಲಿ, ಅಂತಿಮ ರೂಪದೊಂದಿಗೆ ಹಾಡಿಗೆ ಹಾಡು ಹೋಲಿಸಿ ಕೇಳಬೇಕು. ಇದೇ ಆವೃತ್ತಿಯ ನಾಲ್ಕು ಎಲ್‌ಪಿಗಳ ದುಬಾರಿ ಪೆಟ್ಟಿಗೆಯನ್ನು ಸಂಗ್ರಾಹಕರಿಗೆ ಬಿಟ್ಟುಬಿಡಬಹುದು.