ಬಿಲ್ಡ್ ಒಡೆದಿದ್ದು ಯಾರ ಕಮಿಟ್? ನಾನು ಟ್ರೈ ಮಾಡಿದ ನಾಲ್ಕು ದಾರಿ

ಯಾರಾದ್ರೂ ಕೋಡ್ ಬದಲಾವಣೆ (ಅದೇ ಕಮಿಟ್) ಕಳಿಸಿದ್ರೆ ಜೆಂಕಿನ್ಸ್ ಅನ್ನೋ ಟೂಲ್ ತಾನಾಗೇ ಕೋಡ್ ಕಟ್ಟಿ ಟೆಸ್ಟ್ ಓಡಿಸುತ್ತೆ, ಅದೇ ಬಿಲ್ಡ್; ಪಾಸಾದ್ರೆ ಹಸಿರು, ಫೇಲಾದ್ರೆ ಕೆಂಪು. 41ನೇ ಬಿಲ್ಡ್ ಹಸಿರು, 42 ಫೇಲ್, 43 ಕೂಡ ಕೆಂಪು, 44ಕ್ಕೆ ನಾನು ರೀಡ್‌ಮೀ ಫೈಲಲ್ಲಿ ಒಂದು ಸ್ಪೆಲ್ಲಿಂಗ್ ಸರಿಮಾಡಿ ಪುಶ್ ಮಾಡಿದೆ, ಅದೂ ಕೆಂಪು, ಜೆಂಕಿನ್ಸ್‌ನ ಚೇಂಜಸ್ ಪೇಜಲ್ಲಿ ನೋಡಿದ್ರೆ ನನ್ನ ಕಮಿಟ್ ಒಂದೇ! ಎಲ್ರೂ ನನ್ನ ಮೇಲೇ ಬಿದ್ರು. ಆ ಪೇಜ್ ತೋರ್ಸೋದು ಹಿಂದಿನ ಬಿಲ್ಡ್ ಆದ್ಮೇಲೆ ಬಂದಿದ್ದನ್ನ ಮಾತ್ರ, ಹಿಂದಿನದು ಪಾಸಾಗಿತ್ತಾ ಇಲ್ವಾ ಅನ್ನೋದು ಅದಕ್ಕೆ ಬೇಕಿಲ್ಲ. ನಮಗೆ ಬೇಕಾಗಿದ್ದು ಕೊನೇ ಹಸಿರು ಬಿಲ್ಡಿಂದ ಇಲ್ಲೀವರೆಗಿನ ಪಟ್ಟಿ.

ಮೊದ್ಲು ನೋಡಿದ್ದು ಬಿಲ್ಡ್ ಫಲಿತಾಂಶ ಮೇಲ್ ಮಾಡೋ ಜೆಂಕಿನ್ಸ್‌ನ ಈಮೇಲ್ ಎಕ್ಸ್‌ಟೆನ್ಶನ್ ಪ್ಲಗಿನ್. ಅದ್ರಲ್ಲಿ ಚೇಂಜಸ್ ಸಿನ್ಸ್ ಲಾಸ್ಟ್ ಸಕ್ಸೆಸ್ ಅಂತ ಟೋಕನ್ (ಮೇಲ್ ಹೋಗುವಾಗ ಆ ಪಟ್ಟಿಯಾಗಿ ಬದಲಾಗೋ ಪದ) ಇದೆ, ಟೆಂಪ್ಲೇಟಲ್ಲಿ ಹಾಕಿದ್ರೆ ಕೆಲ್ಸ ಮುಗೀತು. ಆದ್ರೆ ಎರಡು ದಿನ ಕೆಂಪಾಗೇ ಇದ್ರೆ ಮೇಲ್ ಉದ್ದ ಆಗ್ತಾ ಹೋಗುತ್ತೆ, ಯಾರೂ ಓದಲ್ಲ.

ಆಮೇಲೆ ಗಿಟ್ (ಕೋಡ್‌ನ ಬದಲಾವಣೆಗಳ ಇತಿಹಾಸ ಇಡೋ ಟೂಲ್) ಪ್ಲಗಿನ್ ಕೊಡೋ, ಗಿಟ್ ಪ್ರೀವಿಯಸ್ ಸಕ್ಸೆಸ್‌ಫುಲ್ ಕಮಿಟ್ ಅನ್ನೋ, ಕೊನೇ ಹಸಿರು ಬಿಲ್ಡ್‌ನ ಕಮಿಟ್ ಇಟ್ಟಿರೋ ವೇರಿಯಬಲ್ ತಗೊಂಡು ನಾನೇ ಗಿಟ್ ಲಾಗ್ (ಕಮಿಟ್‌ಗಳ ಪಟ್ಟಿ ಕೊಡೋ ಕಮಾಂಡ್) ಓಡಿಸೋ ಸ್ಕ್ರಿಪ್ಟ್ ಬರೆದೆ. ಆ ವೇರಿಯಬಲ್, ಎರಡು ಚುಕ್ಕಿ, ಆಮೇಲೆ ಹೆಡ್ (ಈಗಿರೋ ಕಮಿಟ್) ಅಂತ ಬರೆದ್ರೆ ನಡುವಿನ ಪಟ್ಟಿ ಬರುತ್ತೆ. ನನಗೆ ಹಿಡಿಸಿದ್ದು ಇದೇ, ಯಾಕಂದ್ರೆ ಫೋಲ್ಡರ್ ಹೆಸರು ಕೊಟ್ಟು ಬೇಡದ ಕಮಿಟ್‌ಗಳನ್ನ ಜರಡಿ ಹಿಡೀಬಹುದು. ಒಂದು ಕಡೆ ಮಾತ್ರ ಅರ್ಧ ದಿನ ತಲೆ ಕೆಡಿಸ್ಕೊಂಡೆ. ಹೊಸ ಬ್ರಾಂಚ್‌ನ (ಕೋಡ್‌ನ ಬೇರೆ ಕವಲು) ಮೊದಲ ಬಿಲ್ಡಲ್ಲಿ ಆ ವೇರಿಯಬಲ್ ಖಾಲಿ ಇರುತ್ತೆ, ಆಗ ಎರಡು ಚುಕ್ಕಿಯ ಎಡಗಡೆ ಏನೂ ಇಲ್ದೇ ಇದ್ರೆ ಗಿಟ್ ಅದನ್ನ ಹೆಡ್ ಅನ್ಕೊಳ್ಳುತ್ತೆ, ಅಂದ್ರೆ ಹೆಡ್‌ನಿಂದ ಹೆಡ್‌ಗೆ, ಪಟ್ಟಿ ಖಾಲಿ, ಎರರ್ ಕೂಡ ಇಲ್ಲ! ಇನ್ನೊಂದು, ಶ್ಯಾಲೋ ಕ್ಲೋನ್ (ಇತ್ತೀಚಿನ ಕಮಿಟ್‌ಗಳನ್ನ ಮಾತ್ರ ತಂದ ಪ್ರತಿ) ಇದ್ರೆ ಹಳೇ ಕಮಿಟ್ ಅಲ್ಲಿ ಇರೋದೇ ಇಲ್ಲ. ಜೆಂಕಿನ್ಸ್ ತರದ್ದೇ ಇನ್ನೊಂದು ಟೂಲ್ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಕೋಡ್ ತರೋ ಚೆಕ್‌ಔಟ್ ಡೀಫಾಲ್ಟಾಗಿ ತರೋದು 1 ಕಮಿಟ್, ಫೆಚ್ ಡೆಪ್ತ್ 0 ಕೊಟ್ರೆ ಪೂರ್ತಿ ಹಿಸ್ಟರಿ ಬರುತ್ತೆ.

ಹಸಿರಾದಾಗೆಲ್ಲ ಒಂದು ಟ್ಯಾಗ್ (ಕಮಿಟ್‌ಗೆ ಅಂಟಿಸೋ ಹೆಸರು) ಮುಂದಕ್ಕೆ ಸರಿಸೋದನ್ನೂ ನೋಡಿದೆ. ಜೆಂಕಿನ್ಸ್ ತರ ತಾನಾಗೇ ಬಿಲ್ಡ್ ಮಾಡೋ ಯಾವ ಸಿಐ ಟೂಲ್ ಆದ್ರೂ ನಡೆಯುತ್ತೆ, ಆದ್ರೆ ಎರಡು ಬಿಲ್ಡ್ ಒಟ್ಟಿಗೆ ಓಡಿ ಹಳೇದು ತಡವಾಗಿ ಮುಗಿದ್ರೆ ಟ್ಯಾಗ್ ಹಿಂದಕ್ಕೆ ಹೋಗುತ್ತೆ. ಬಿಟ್ಟುಬಿಟ್ಟೆ.

ಇವೆಲ್ಲ ಕೊಡೋದು ಅನುಮಾನದ ಪಟ್ಟಿ ಅಷ್ಟೇ, ಒಬ್ಬನನ್ನೇ ಹಿಡಿಯೋಕೆ ಗಿಟ್ ಬೈಸೆಕ್ಟ್ ರನ್ ಬೇಕು, ಅದು ಪಟ್ಟಿಯನ್ನ ಪ್ರತಿ ಸಲ ಅರ್ಧ ಮಾಡಿ ನಡುವಿನ ಕಮಿಟ್ ಮೇಲೆ ನಮ್ಮ ಟೆಸ್ಟ್ ಸ್ಕ್ರಿಪ್ಟ್ ಓಡಿಸುತ್ತೆ. 30 ಕಮಿಟ್ ಇದ್ರೂ ಸುಮಾರು 5 ಸಲ ಟೆಸ್ಟ್ ಓಡಿಸಿದ್ರೆ ಸಾಕು, ಕಂಪೈಲೇ ಆಗದ ಕಮಿಟ್ ಸಿಕ್ರೆ ಸ್ಕ್ರಿಪ್ಟ್ 125 ಎಕ್ಸಿಟ್ ಕೋಡ್ ಕೊಟ್ಟು ಹಾರಿಸಬಹುದು. ಒಮ್ಮೆ ಪಾಸ್ ಒಮ್ಮೆ ಫೇಲ್ ಆಗೋ ಟೆಸ್ಟ್ ಇದ್ರೆ ಮಾತ್ರ ಇದನ್ನ ನಂಬಬೇಡಿ, ನನಗೆ ಒಂದ್ಸಲ ಬೆರಳು ತೋರಿಸಿದ್ದು ಬರೀ ಕಾಮೆಂಟ್ ಬದಲಾಯಿಸಿದ್ದ ಕಮಿಟ್ ಕಡೆಗೆ. ಈಗ ಫೇಲ್ ಆದ್ರೆ ಸ್ಕ್ರಿಪ್ಟ್ ತಾನಾಗೇ ಪಟ್ಟಿ ಹಾಕುತ್ತೆ, ಪಟ್ಟಿ ಹತ್ತು ದಾಟಿದ್ರೆ ಬೈಸೆಕ್ಟ್ ನಾನೇ ಕೈಯಾರೆ ಓಡಿಸ್ತೀನಿ.