ಈಥರ್ಸ್ ಅಥವಾ ವಿಯೆಮ್: ಆಫ್‌ಲೈನ್ ಸಹಿಗೆ ನಾನು ವಿಯೆಮ್ ಕಡೆ

ಇಥೀರಿಯಂ ಬ್ಲಾಕ್‌ಚೈನ್‌ನ ಟ್ರಾನ್ಸಾಕ್ಷನ್‌ಗೆ ಕೋಡ್‌ನಿಂದಲೇ ಸಹಿ ಹಾಕಬೇಕು ಅಂದರೆ ಜಾವಾಸ್ಕ್ರಿಪ್ಟ್ ಬರೆಯುವವರ ಮುಂದೆ ಈಗ ಮುಖ್ಯವಾಗಿ ಎರಡು ಲೈಬ್ರರಿಗಳಿವೆ: ಈಥರ್ಸ್ ಮತ್ತು ವಿಯೆಮ್. ಎರಡನ್ನೂ ಬಳಸಿ ನೋಡಿ ನಾನು ವಿಯೆಮ್‌ಗೆ ಬಂದು ನಿಂತಿದ್ದೇನೆ. ಕಾರಣ ದೊಡ್ಡದು ಅಂತ ಇರುವುದು ಒಂದೇ. ಉಳಿದವು ಸಣ್ಣಪುಟ್ಟವು.

ಹಳೇ ಟ್ಯುಟೋರಿಯಲ್‌ಗಳಲ್ಲಿ ವೆಬ್3 ಜೆಎಸ್ ಅನ್ನೋ ಮೂರನೇ ಹೆಸರೂ ಸಿಗುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದ ಚೈನ್‌ಸೇಫ್ ಕಂಪನಿ 2025ರ ಮಾರ್ಚ್‌ನಲ್ಲಿ ಆ ಕೆಲಸ ನಿಲ್ಲಿಸಿತು. ಹೊಸ ಪ್ರಾಜೆಕ್ಟ್‌ಗೆ ಅದು ಬೇಡ.

ನನ್ನ ಬಳಕೆ ಸ್ವಲ್ಪ ಬೇರೆ ಥರದ್ದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರೈವೇಟ್ ಕೀ (ಸಹಿ ಹಾಕುವ ಗುಟ್ಟಿನ ಸಂಖ್ಯೆ) ಇರುವ ಯಂತ್ರಕ್ಕೆ ನೆಟ್ ಇಲ್ಲ. ಅಲ್ಲಿ ಸಹಿ ಮಾತ್ರ ಆಗುತ್ತದೆ. ಸಹಿಯಾದ ಹೆಕ್ಸ್ ಸಾಲನ್ನು (ಹದಿನಾರರ ಲೆಕ್ಕದಲ್ಲಿ ಬರೆದ ಟ್ರಾನ್ಸಾಕ್ಷನ್) ನೆಟ್ ಇರುವ ಇನ್ನೊಂದು ಯಂತ್ರಕ್ಕೆ ಒಯ್ದು ಅಲ್ಲಿಂದ ಕಳುಹಿಸುತ್ತೇನೆ. ಬ್ರೌಸರ್‌ನಲ್ಲಿ ವಾಲೆಟ್ ಎಕ್ಸ್‌ಟೆನ್ಷನ್‌ನಿಂದ ಸಹಿ ಹಾಕಿಸುವವರಿಗೆ ಕೆಳಗಿನ ತಲೆನೋವು ಬರುವುದೇ ಇಲ್ಲ.

ಈಥರ್ಸ್‌ನಲ್ಲಿ ಶುರು ಮಾಡುವುದು ತುಂಬಾ ಸುಲಭ. ಕೀ ಕೊಟ್ಟು ವಾಲೆಟ್ ಮಾಡಿ, ಪ್ರೊವೈಡರ್‌ಗೆ, ಅಂದರೆ ನೆಟ್‌ವರ್ಕ್ ಜೊತೆ ಮಾತಾಡುವ ಕೊಂಡಿಗೆ, ಜೋಡಿಸಿ, ‘ಸೆಂಡ್ ಟ್ರಾನ್ಸಾಕ್ಷನ್’ ಕರೆದರೆ ಆಯಿತು. ನಾನ್ಸ್ (ಅಕೌಂಟ್‌ನ ಟ್ರಾನ್ಸಾಕ್ಷನ್‌ಗಳ ಕ್ರಮಸಂಖ್ಯೆ), ಗ್ಯಾಸ್ (ಎಷ್ಟು ಕೆಲಸ ಆಗಬಹುದು ಅನ್ನೋ ಮಿತಿ), ಫೀಸ್, ಚೈನ್ ಐಡಿ (ಯಾವ ನೆಟ್‌ವರ್ಕ್ ಅನ್ನೋ ಸಂಖ್ಯೆ) ಎಲ್ಲವನ್ನೂ ಅದು ತಾನೇ ನೋಡ್‌ಗೆ, ಅಂದರೆ ನೆಟ್‌ವರ್ಕ್‌ನ ಒಂದು ಸರ್ವರ್‌ಗೆ, ಕೇಳಿ ತುಂಬಿಕೊಳ್ಳುತ್ತದೆ. ಆದರೆ ಅದೇ ವಾಲೆಟ್‌ನ ‘ಸೈನ್ ಟ್ರಾನ್ಸಾಕ್ಷನ್’ ಹಾಗಲ್ಲ. ಕೊಟ್ಟಷ್ಟಕ್ಕೆ ಸಹಿ ಹಾಕಿ ಸುಮ್ಮನಾಗುತ್ತದೆ. ಮೊದಲನೆಯದರಲ್ಲಿ ಚೆನ್ನಾಗಿ ಓಡುತ್ತಿದ್ದ ಸ್ಕ್ರಿಪ್ಟನ್ನು ಎರಡನೆಯದಕ್ಕೆ ಬದಲಾಯಿಸಿದರೆ ಚೈನ್ ಐಡಿ ತಾನಾಗಿ ತುಂಬುವುದು ನಿಂತುಹೋಗುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಚೈನ್ ಐಡಿ 0 ಅಂತ ಹಿಡಿದುಕೊಂಡು ಸಹಿ ಹಾಕುತ್ತದೆ, ನೋಡಲು ಅಚ್ಚುಕಟ್ಟಾದ ಹೆಕ್ಸ್ ಕೈಗೆ ಬರುತ್ತದೆ.

ಗೊತ್ತಾಗುವುದು ಕಳುಹಿಸಿದಾಗ. ಅದೂ ಸರಿಯಾಗಿ ಗೊತ್ತಾಗಲ್ಲ. ನೋಡ್‌ನಿಂದ ಬಂದ ಉತ್ತರ ‘ಇನ್‌ವ್ಯಾಲಿಡ್ ಸೆಂಡರ್’. ಇದನ್ನು ಓದಿದವರು ಮೊದಲು ಅನುಮಾನಿಸುವುದು ಕೀಯನ್ನೇ, ಅಲ್ವಾ? ಕೀ ತಪ್ಪಾ, ವಿಳಾಸ ತಪ್ಪಾ, ಸೀಡ್ ಪದಗಳಿಂದ (ಕೀ ಹುಟ್ಟಿಸುವ ಗುಟ್ಟಿನ ಪದಗಳು) ಬೇರೆ ಅಕೌಂಟ್ ಬಂತಾ ಅಂತ ಹುಡುಕುತ್ತಾ ಕೂರಬೇಕು. ಕೀ ಸರಿಯಾಗಿಯೇ ಇರುತ್ತದೆ. ಚೈನ್ ಐಡಿಯೂ ಸಹಿಯೊಳಗೆ ಸೇರುತ್ತದೆ. ಒಂದು ನೆಟ್‌ವರ್ಕ್‌ನ ಸಹಿಯನ್ನು ಇನ್ನೊಂದರಲ್ಲಿ ಮತ್ತೆ ಬಳಸಬಾರದು ಅಂತಲೇ ಇಐಪಿ-155ರಲ್ಲಿ (ಇಐಪಿ ಅಂದರೆ ಇಥೀರಿಯಂ ಬದಲಾವಣೆಯ ಪ್ರಸ್ತಾವ) ಹಾಗೆ ಮಾಡಿದ್ದು. ಐಡಿ ತನ್ನದಲ್ಲದಿದ್ದರೆ ನೋಡ್ ಆ ಸಹಿಯಿಂದ ಕಳುಹಿಸಿದವರನ್ನು ಒಪ್ಪಲ್ಲ, ಅಷ್ಟೇ.

ಹೆಕ್ಸ್ ಸಾಲಿನಲ್ಲೇ ಇದನ್ನು ಕಣ್ಣಾರೆ ನೋಡಬಹುದು. ಇಐಪಿ-1559 ಬಗೆಯ ಟ್ರಾನ್ಸಾಕ್ಷನ್ 02ರಿಂದ ಶುರುವಾಗುತ್ತದೆ. ಮಾಮೂಲಿ ಹಣ ಕಳುಹಿಸುವ ಟ್ರಾನ್ಸಾಕ್ಷನ್‌ನಲ್ಲಿ ಆಮೇಲೆ ಎಫ್8, ಉದ್ದ ಹೇಳುವ ಒಂದು ಬೈಟ್, ಅದರ ಬೆನ್ನಿಗೇ ಚೈನ್ ಐಡಿ. ಸೆಪೋಲಿಯಾ ಟೆಸ್ಟ್‌ನೆಟ್‌ನ (ಪರೀಕ್ಷೆಗೆ ಇರುವ ನೆಟ್‌ವರ್ಕ್) ಐಡಿ 11155111, ಹಾಗಾಗಿ ಅಲ್ಲಿ 83 ಎಎ 36 ಎ7 ಅಂತ ಇರಬೇಕು. ಬರೀ 80 ಅಂತ ಇದ್ದರೆ ಆ ಜಾಗದಲ್ಲಿ ಸೊನ್ನೆ ಇದೆ ಅಂತ ಅರ್ಥ. ಈಗ ಯಾವ ಲೈಬ್ರರಿಯಿಂದ ಸಹಿ ಆದರೂ ಕಳುಹಿಸುವ ಮೊದಲು ಆ ಜಾಗದ ಮೇಲೆ ಕಣ್ಣಾಡಿಸುವುದು ಅಭ್ಯಾಸವಾಗಿದೆ.

ಚೈನ್ ಐಡಿ ಕೊಡದೆ ಇದೇ ಸಹಿಯನ್ನು ವಿಯೆಮ್‌ನಲ್ಲಿ ಹಾಕಲು ಹೋದರೆ ಟೈಪ್‌ಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟ್‌ಗೆ ಟೈಪ್ ತಪಾಸಣೆ ಸೇರಿಸಿದ ಭಾಷೆ) ಎಡಿಟರ್‌ನಲ್ಲೇ ಕೆಂಪು ಗೆರೆ ಎಳೆಯುತ್ತದೆ. ಅದನ್ನೂ ಲೆಕ್ಕಿಸದೆ ಓಡಿಸಿದರೆ ಸಹಿಗೆ ಮೊದಲೇ ಎರರ್ ಬಂದು ನಿಲ್ಲುತ್ತದೆ. ನೆಟ್ ಇಲ್ಲದ ಯಂತ್ರದ ಮುಂದೆ ಕೂತವನಿಗೆ ಬೇಕಾಗಿದ್ದು ಇದೇ. ಕೆಡುವುದಿದ್ದರೆ ಇಲ್ಲೇ ಕೆಡಲಿ, ನೆಟ್ ಇರುವ ಯಂತ್ರಕ್ಕೆ ಹೋದ ಮೇಲೆ ಬೇಡ.

ಹಾಗಂತ ವಿಯೆಮ್ ಎಲ್ಲವನ್ನೂ ಹಿಡಿಯುತ್ತದೆ ಅಂತಲ್ಲ. ನಾನ್ಸ್ ಕೊಡದಿದ್ದರೆ ಎರಡೂ ಲೈಬ್ರರಿಗಳು ಅದನ್ನು 0 ಅಂತಲೇ ಹಿಡಿಯುತ್ತವೆ. ಮೊದಲೇ ಬಳಸಿದ ಅಕೌಂಟ್ ಆದರೆ ‘ನಾನ್ಸ್ ಟೂ ಲೋ’ ಅಂತ ವಾಪಸ್ ಬರುತ್ತದೆ. ಅದಕ್ಕೇ ನೆಟ್ ಇರುವ ಯಂತ್ರದಲ್ಲಿ ವಿಯೆಮ್‌ನ ‘ಪ್ರಿಪೇರ್ ಟ್ರಾನ್ಸಾಕ್ಷನ್ ರಿಕ್ವೆಸ್ಟ್’ ಓಡಿಸಿ, ಎಲ್ಲಾ ಅಂಕಿಗಳನ್ನು ತುಂಬಿಸಿಕೊಂಡು, ಒಂದು ಫೈಲ್‌ಗೆ ಬರೆದು, ಆ ಫೈಲನ್ನೇ ಸಹಿಯ ಯಂತ್ರಕ್ಕೆ ಒಯ್ಯುತ್ತೇನೆ. ಈಥರ್ಸ್‌ನಲ್ಲೂ ‘ಪಾಪ್ಯುಲೇಟ್ ಟ್ರಾನ್ಸಾಕ್ಷನ್’ ಅಂತ ಇದೆ, ಕೆಲಸ ಹೆಚ್ಚುಕಡಿಮೆ ಅದೇ.

ಫೈಲ್‌ಗೆ ಬರೆಯುವಾಗ ಒಂದು ಸಣ್ಣ ಕಿರಿಕಿರಿ. ಈಥರ್ಸ್ ಆರನೇ ಆವೃತ್ತಿ, ವಿಯೆಮ್ ಎರಡೂ ದೊಡ್ಡ ಅಂಕಿಗಳಿಗೆ ಬಿಗ್‌ಇಂಟ್ (ಜಾವಾಸ್ಕ್ರಿಪ್ಟ್‌ನ ದೊಡ್ಡ ಪೂರ್ಣಾಂಕದ ಬಗೆ) ಬಳಸುತ್ತವೆ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ಜೇಸನ್ ಸ್ಟ್ರಿಂಗಿಫೈ (ಡೇಟಾವನ್ನು ಪಠ್ಯ ಮಾಡುವ ಫಂಕ್ಷನ್) ಬಿಗ್‌ಇಂಟ್ ಕಂಡರೆ ಎರರ್ ಎಸೆಯುತ್ತದೆ. ವಿಯೆಮ್ ತನ್ನದೇ ಒಂದು ಸ್ಟ್ರಿಂಗಿಫೈ ಕೊಡುತ್ತದೆ, ಅದರಲ್ಲಿ ಸಮಸ್ಯೆ ಇಲ್ಲ. ವಾಪಸ್ ಓದುವಾಗ ಮಾತ್ರ ನಾವೇ ಬಿಗ್‌ಇಂಟ್‌ಗೆ ಬದಲಾಯಿಸಿಕೊಳ್ಳಬೇಕು.

ಹೆಸರುಗಳೂ ಬೇರೆ ಬೇರೆ. ಈಥರ್ಸ್‌ನಲ್ಲಿ ‘ಗ್ಯಾಸ್ ಲಿಮಿಟ್’, ವಿಯೆಮ್‌ನಲ್ಲಿ ಬರೀ ‘ಗ್ಯಾಸ್’. ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡುವಾಗ ಇದನ್ನು ನೋಡಿಕೊಳ್ಳಿ. ಇಲ್ಲದಿದ್ದರೆ ಮಾಮೂಲಿ ಹಣ ಕಳುಹಿಸಲು 21000 ಇರಬೇಕಾದ ಕಡೆ ಸೊನ್ನೆ ಹೋಗುತ್ತದೆ.

ಈಥರ್ಸ್ ಕಲಿಯುವವರಿಗೆ ಇನ್ನೊಂದು ತೊಂದರೆ ಹಳೇ ಪಾಠಗಳು. ಐದನೇ ಆವೃತ್ತಿಯಲ್ಲಿ ‘ಯುಟಿಲ್ಸ್’ ಒಳಗಿದ್ದ ‘ಪಾರ್ಸ್ ಈಥರ್’ ಫಂಕ್ಷನ್ ಆರರಲ್ಲಿ ಹೊರಗೆ ಬಂದಿದೆ. ಹುಡುಕಿದರೆ ಸಿಗುವ ಉದಾಹರಣೆಗಳಲ್ಲಿ ಎರಡೂ ಕಲಸಿಕೊಂಡಿರುತ್ತವೆ.

ವಿಯೆಮ್‌ನಲ್ಲಿ ನನಗೆ ಹಿಡಿಸದ್ದು ಶುರುವಿನ ಶಾಸ್ತ್ರ. ಓದಲು ಒಂದು ಕ್ಲೈಂಟ್, ವಾಲೆಟ್‌ಗೆ ಇನ್ನೊಂದು, ಅಕೌಂಟ್ ಬೇರೆ, ಚೈನ್ ಬೇರೆ. ಎರಡು ಸಾಲಿನ ಕೆಲಸಕ್ಕೆ ಇಷ್ಟೆಲ್ಲಾ ಯಾಕೆ ಅನ್ನಿಸುತ್ತದೆ. ಆದರೆ ಬರೀ ಸಹಿ ಸಾಕಾದರೆ ಕ್ಲೈಂಟೇ ಬೇಡ, ಅಕೌಂಟ್ ಒಂದಿದ್ದರೆ ಸಾಕು. ಕೀಯ ಮುಂದೆ 0ಎಕ್ಸ್ ಇಲ್ಲದಿದ್ದರೆ ಈಥರ್ಸ್ ತಾನೇ ಸೇರಿಸಿಕೊಳ್ಳುತ್ತದೆ, ವಿಯೆಮ್‌ಗೆ ನಾವೇ ಸೇರಿಸಿ ಕೊಡಬೇಕು.

ದುಡ್ಡಿನ ವಿಷಯಕ್ಕೆ ಬಂದರೆ ಎರಡೂ ಉಚಿತ. ಖರ್ಚಾಗುವುದು ನೋಡ್ ಸೇವೆಯ ಕೋಟಾ. ನಾನು ಉಚಿತ ಕೋಟಾದಲ್ಲೇ ನಡೆಸುವವನು. ಹಾಗಾಗಿ ನಾನ್ಸ್ ಒಂದು ಸಲ ಕೇಳಿಕೊಂಡು, ಮುಂದಿನವಕ್ಕೆ ಒಂದೊಂದೇ ಕೂಡಿಸಿ, ಹಲವು ಟ್ರಾನ್ಸಾಕ್ಷನ್‌ಗಳಿಗೆ ಒಟ್ಟಿಗೆ ಸಹಿ ಹಾಕಿಡುತ್ತೇನೆ. ದಿನಕ್ಕೊಂದು ಟ್ರಾನ್ಸಾಕ್ಷನ್ ಕಳುಹಿಸುವವರು, ಕೀಯೂ ನೆಟ್ಟೂ ಒಂದೇ ಯಂತ್ರದಲ್ಲಿ ಇಟ್ಟುಕೊಂಡವರು ಈಥರ್ಸ್‌ನಲ್ಲೇ ಆರಾಮಾಗಿರಬಹುದು. ಅವರಿಗೆ ಚೈನ್ ಐಡಿಯ ಗೊಡವೆ ಬರುವುದೇ ಇಲ್ಲ.

ಇನ್ನೊಂದು ವಿಷಯದಲ್ಲೂ ಈಥರ್ಸ್ ಮುಂದಿದೆ: ಕೀಯನ್ನು ಪಾಸ್‌ವರ್ಡ್ ಹಾಕಿ ಇಡುವ ಕೀಸ್ಟೋರ್ ಫೈಲ್. ಅದನ್ನು ಮಾಡುವುದು, ತೆರೆಯುವುದು ಎರಡೂ ಈಥರ್ಸ್‌ನ ಒಳಗೇ ಇದೆ. ವಿಯೆಮ್‌ನಲ್ಲಿ ಇಲ್ಲ. ಹಾಗಾಗಿ ನನ್ನ ಸಹಿಯ ಯಂತ್ರದಲ್ಲಿ ಈಥರ್ಸ್ ಈಗಲೂ ಉಳಿದಿದೆ. ಕೀಸ್ಟೋರ್ ತೆರೆದು ಕೀಯನ್ನು ವಿಯೆಮ್ ಕೈಗೆ ಕೊಡುವವರೆಗೆ ಮಾತ್ರ ಅದರ ಕೆಲಸ.